ಹಣ್ಣಿನ ಸ್ಮೂದಿ: ಎಲ್ಲಿಂದ ಬಂತು, ಲೋಟದೊಳಗೆ ಏನಿದೆ?

ವಿ.ಸಿ. ಫಾರಂ ಸುತ್ತಲಿನ ಊರುಗಳಿಂದ ದವಾಖಾನೆಗೆ ಬರುವವರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಡಾಕ್ಟ್ರೇ, ಬಾಟಲಿ ಕೂಲ್‌ಡ್ರಿಂಕ್ಸ್ ಪೂರ್ತಿ ಬಿಟ್ಟಿದ್ದೀನಿ. ಈಗ ಬರೀ ಹಣ್ಣಿನ ಸ್ಮೂದಿ. ಅದೇನೂ ತೊಂದರೆ ಇಲ್ಲ ಅಲ್ವಾ?" ಕೇಳುವವರ ಕೈಯಲ್ಲಿ ಸಕ್ಕರೆ ಪರೀಕ್ಷೆಯ ಚೀಟಿ ಇರುತ್ತದೆ. ಚೀಟಿಯಲ್ಲಿರುವ ಅಂಕಿ ಅವರ ಮಾತಿಗೆ ಹೊಂದುವುದಿಲ್ಲ. ಹಣ್ಣು ಒಳ್ಳೆಯದು, ಹಾಲು ಒಳ್ಳೆಯದು, ಎರಡನ್ನೂ ಸೇರಿಸಿ ರುಬ್ಬಿದರೆ ಕೆಟ್ಟದ್ದು ಹೇಗಾದೀತು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಅದೇ ಅಳತೆ. ಈ ಪಾನೀಯ ಎಲ್ಲಿಂದ ಬಂತು ಎಂದು ತಿಳಿದರೆ ಅಳತೆ ಎಲ್ಲಿ ತಪ್ಪಿತು ಎಂಬುದೂ ತಿಳಿಯುತ್ತದೆ.

ಸ್ಮೂದಿ ಎಂಬ ಹೆಸರು ಅಮೆರಿಕದ್ದು. ನುಣ್ಣಗಿರುವುದು ಎಂದಷ್ಟೇ ಅದರ ಅರ್ಥ. 1926ರಲ್ಲಿ ಲಾಸ್ ಏಂಜಲೀಸಿನಲ್ಲಿ ಜೂಲಿಯಸ್ ಫ್ರೀಡ್ ಎಂಬವರು ಕಿತ್ತಳೆ ರಸದ ಅಂಗಡಿ ತೆರೆದರು. ಹುಳಿರಸ ಹೊಟ್ಟೆಗೆ ಹಿಡಿಸದವರಿಗಾಗಿ ಅದನ್ನು ನೊರೆ ಬರುವಂತೆ ಕಲಸಿ ಮಾರಿದ್ದು ಬಹಳ ಜನಪ್ರಿಯವಾಯಿತು. ಅದಕ್ಕೂ ಮೊದಲೇ, 1922ರಲ್ಲಿ, ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್‌ಸ್ಕಿ ಜಾರಿನ ತಳದಲ್ಲಿ ತಿರುಗುವ ಬ್ಲೇಡಿನ ಯಂತ್ರವನ್ನು ರೂಪಿಸಿದ್ದರು. ಅದು ಮಾಲ್ಟ್ ಹಾಲು ಕಲಸುವುದಕ್ಕೆಂದು ಮಾಡಿದ ಯಂತ್ರ. 1937ರಲ್ಲಿ ವಾರಿಂಗ್ ಕಂಪನಿಯ ಬ್ಲೆಂಡರ್ ಮಾರುಕಟ್ಟೆಗೆ ಬಂದ ಮೇಲೆ ಅದು ಮನೆಮನೆಗೆ ತಲುಪಿತು. ಸ್ಮೂದಿಗೆ 'ಆರೋಗ್ಯ ಪಾನೀಯ' ಎಂಬ ಪಟ್ಟ ಸಿಕ್ಕಿದ್ದು ಇನ್ನೂ ತಡವಾಗಿ. ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆಯಿದ್ದ ಸ್ಟೀವ್ ಕುನಾವ್ ಎಂಬ ಯುವಕ, ತನಗೆ ಹಿಡಿಸುವ ಮಿಲ್ಕ್‌ಶೇಕ್ ಇಲ್ಲವೆಂದು ಹಣ್ಣಿನ ರಸಗಳನ್ನೇ ಬೆರೆಸಿ ಪ್ರಯೋಗ ಮಾಡಿದರು. 1973ರಲ್ಲಿ ಲೂಸಿಯಾನ ರಾಜ್ಯದಲ್ಲಿ ಅವರು ಅಂಗಡಿ ತೆರೆದರು. ಇಂದಿನ ದೊಡ್ಡ ಸ್ಮೂದಿ ಅಂಗಡಿಗಳ ಸಾಲು ಅಲ್ಲಿಂದ ಶುರುವಾಯಿತು.

ನಮ್ಮ ಅಡುಗೆಮನೆಯ ಯಂತ್ರದ ಕಥೆ ಬೇರೆ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ನಮ್ಮ ಮಸಾಲೆ ಅರೆಯಲಾರದೆ ಸುಟ್ಟುಹೋಯಿತು. ಅವರು ಬಲವಾದ ಮೋಟಾರ್ ಇಟ್ಟು ರೂಪಿಸಿದ್ದೇ ಸುಮೀತ್ ಮಿಕ್ಸಿ. ಇಡ್ಲಿ ಚಟ್ನಿಗೂ ಖುರ್ಮಾ ಮಸಾಲೆಗೂ ಬಂದ ಆ ಜಾರಿನಲ್ಲೇ ಇವತ್ತು ಬಾಳೆಹಣ್ಣು ತಿರುಗುತ್ತಿದೆ.

ಆದರೆ ಹಣ್ಣನ್ನು ಪಾನೀಯವಾಗಿಸುವ ವಿದ್ಯೆಯನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. ಮಂಡ್ಯ ಸೀಮೆಯ ಯಾವ ಅಜ್ಜಿಯನ್ನಾದರೂ ಕೇಳಿ ನೋಡಿ. ಬೇಸಿಗೆಯಲ್ಲಿ ಕರಬೂಜದ ಪಾನಕ, ಬೇಲದ ಹಣ್ಣಿನ ಪಾನಕ, ಮಾವಿನ ಸೀಕರಣೆ, ಬಾಳೆಹಣ್ಣಿನ ರಸಾಯನ, ಬೆಳಗಾಗೆದ್ದು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಇವೆಲ್ಲವೂ ಕೈಯಿಂದ ಕಿವುಚಿ, ಮರದ ಕಡೆಗೋಲಿನಿಂದ ಕಡೆದು ಮಾಡಿದವು. ನಮ್ಮ ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಸಾಲು ಸೇರುತ್ತದೆ. ಅದು ಶರಬತ್ತಿನದು.

ಶರಬತ್ತು ಎಂಬ ಪದ 'ಕುಡಿ' ಎಂಬರ್ಥದ ಅರಬಿ ಧಾತುವಿನಿಂದ ಬಂದಿದೆ. ಯುರೋಪಿನ ಸಿರಪ್, ಶರ್ಬೆಟ್, ಸೋರ್ಬೆ ಎಲ್ಲವೂ ಅದರ ಮಕ್ಕಳೇ. ಪಾರಸಿಯ ಗುಲಾಬ್, ಅಂದರೆ ಪನ್ನೀರು, ಅರಬಿಯಲ್ಲಿ ಜುಲಾಬ್ ಆಗಿ, ಅಲ್ಲಿಂದ ಮುಂದೆ ಜೂಲೆಪ್ ಎಂಬ ಪಾನೀಯದ ಹೆಸರಾಯಿತು. ಸಿಕಂಜಬೀನ್ ಎಂದರೆ ಸಿರ್ಕಾ ಮತ್ತು ಜೇನು ಸೇರಿದ್ದು. ಯುನಾನಿ ಎಂದರೇ ಗ್ರೀಕ್ ಎಂದರ್ಥವಲ್ಲವೇ? ಗ್ರೀಕ್ ವೈದ್ಯರು ಬಳಸುತ್ತಿದ್ದ ಸಿರ್ಕಾ-ಜೇನಿನ ಔಷಧಿಯೇ ಅರಬ್ ಮತ್ತು ಪಾರಸಿ ಹಕೀಮರ ಕೈಯಲ್ಲಿ ಬೆಳೆದು ಸಿಕಂಜಬೀನ್ ಆಯಿತು. ಇಬ್ನ್ ಸೀನಾ (980–1037) ಅವರ 'ಅಲ್-ಕಾನೂನ್'ನ ಐದನೆಯ ಭಾಗ ಹಲವು ದ್ರವ್ಯಗಳನ್ನು ಬೆರೆಸಿ ಮಾಡುವ ಔಷಧಿಗಳಿಗೇ ಮೀಸಲು. ಶರಬತ್ತುಗಳು ಅಲ್ಲಿ ಬರುತ್ತವೆ. ದಾಳಿಂಬೆ, ನಿಂಬೆ, ಸೇಬು, ದ್ರಾಕ್ಷಿಯ ಶರಬತ್ತುಗಳನ್ನು ಹಕೀಮರು ಬಾಯಾರಿಕೆಗೆಂದು ಕೊಟ್ಟವರಲ್ಲ. ಜ್ವರಕ್ಕೆ, ವಾಂತಿಗೆ, ಅರುಚಿಗೆ, ಎದೆಬಡಿತಕ್ಕೆ ಕೊಟ್ಟರು. ಇಂದಿಗೂ ಯುನಾನಿಯಲ್ಲಿ ಶರಬತ್ತಿನ ಪ್ರಮಾಣ ಸಾಮಾನ್ಯವಾಗಿ 25ರಿಂದ 50 ಮಿ.ಲೀ., ಅದೂ ನೀರಿನಲ್ಲಿ ಬೆರೆಸಿ. ಎರಡರಿಂದ ನಾಲ್ಕು ತೊಲ ಎಂದು ಹಿಂದಿನವರು ಹೇಳುತ್ತಿದ್ದುದು ಇದನ್ನೇ. ರೋಗಿಯ ಮುಖ ನೋಡಿ, ನಾಡಿ ನೋಡಿ ಕೊಟ್ಟ ಅಳತೆ ಅದು. ಅರ್ಧ ಲೀಟರಿನ ಗಾಜಿನ ಜಾಡಿಗೆ ಕೊಳವೆ ಸಿಕ್ಕಿಸಿ ಕೊಡುವುದು ಯಾವ ಹಕೀಮನ ಕನಸಿನಲ್ಲೂ ಇರಲಿಲ್ಲ.

ರೂಹ್ ಅಫ್ಜಾ ಕುರಿತು ಓದುಗರು ಖಂಡಿತ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ಅವರು 1906ರಲ್ಲಿ ಹಳೆ ದೆಹಲಿಯಲ್ಲಿ ಹಮ್ದರ್ದ್ ದವಾಖಾನೆ ತೆರೆದು, ಉತ್ತರದ ಬಿಸಿಗಾಳಿಯಿಂದ ಬಳಲುವವರಿಗಾಗಿ ಗುಲಾಬಿ, ಕೇದಗೆ, ಲಾವಂಚ, ಹಣ್ಣಿನ ರಸಗಳನ್ನು ಸೇರಿಸಿ ಅದನ್ನು ರೂಪಿಸಿದರು. ನಮ್ಮ ಪದ್ಧತಿಯ ಹೆಮ್ಮೆ ಅದು, ನಿಜ. ಆದರೂ ಅದರ ಬಹುಪಾಲು ಸಕ್ಕರೆ ಪಾಕ. ಯುನಾನಿ ಎಂಬ ಹೆಸರಿದೆ ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರ ರಕ್ತ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ.

ಕಬ್ಬಿನ ನಾಡಿನ ಮಾತು

ಹಿಂದಿನ ಶರಬತ್ತಿನ ಸಿಹಿ ಹೆಚ್ಚಾಗಿ ಜೇನಿನದಾಗಿತ್ತು. ಅದರ ಜಾಗಕ್ಕೆ ಸಕ್ಕರೆ ಬಂದದ್ದು ನಮ್ಮ ನೆಲದ ಬೆಳೆಯಿಂದ. ಕಬ್ಬು ಭಾರತದಿಂದ ಪಾರಸಿಗೆ, ಅಲ್ಲಿಂದ ಈಜಿಪ್ಟಿಗೆ, ಸ್ಪೇನಿಗೆ ಹೋಯಿತು. ಶರ್ಕರ ಎಂಬುದು ಅರಬಿಯಲ್ಲಿ ಸುಕ್ಕರ್ ಆಯಿತು, ಖಂಡ ಎಂಬುದು ಕಂದ್ ಆಯಿತು. ಸಕ್ಕರೆ ಅಗ್ಗವಾಗುವವರೆಗೆ ಅದು ಔಷಧಿ ಅಂಗಡಿಯ ಸರಕು. 1800ರಲ್ಲಿ ಈ ದಾರಿಯಲ್ಲಿ ಪ್ರಯಾಣಿಸಿದ ಫ್ರಾನ್ಸಿಸ್ ಬುಕಾನನ್, ಟಿಪ್ಪು ಸುಲ್ತಾನರಿಗಾಗಿ ಬಿಳಿ ಸಕ್ಕರೆ ತಯಾರಿಸುತ್ತಿದ್ದ ಚನ್ನಪಟ್ಟಣದ ಒಂದು ಕುಟುಂಬದ ಬಗ್ಗೆ ಬರೆದಿದ್ದಾನೆ. ಅಂದರೆ ಇನ್ನೂರು ವರ್ಷದ ಹಿಂದೆ ಬಿಳಿ ಸಕ್ಕರೆ ಅರಮನೆಯ ವಸ್ತು.

ಅದು ನಮ್ಮ ನಿಮ್ಮ ಮನೆಯ ಡಬ್ಬಿಗೆ ಬಂದದ್ದು ನಾಲೆ ಬಂದ ಮೇಲೆ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಹರಿಯತೊಡಗಿದಾಗ ಒಣಭೂಮಿ ಗದ್ದೆಯಾಯಿತು. ಆ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ವಿ.ಸಿ. ಫಾರಂ ಎಂಬುದು 'ವಿಶ್ವೇಶ್ವರಯ್ಯ ಕೆನಾಲ್ ಫಾರಂ' ಎಂಬುದರ ಚಿಕ್ಕ ರೂಪ ಎಂದು ಇಲ್ಲಿನ ಮಕ್ಕಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಇಲ್ಲಿ ಕೃಷಿ ಸಂಶೋಧನೆ ಶುರುವಾಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಇದೇ ಫಾರಮ್ಮಿನಲ್ಲಿ ಕಬ್ಬಿನ ತಳಿಗಳ ಕೆಲಸ ನಡೆದಿದೆ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಇಲ್ಲಿ ದುಡಿದರು. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು. ಒಂದೇ ಬೇಲಿಯೊಳಗೆ ಕಬ್ಬೂ ರಾಗಿಯೂ ಇವೆ. ನಿಮ್ಮ ಸ್ಮೂದಿಯ ಲೋಟಕ್ಕೆ ಇವೆರಡರಲ್ಲಿ ಯಾವುದು ಎಷ್ಟು ಹೋಗಬೇಕು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಈಗ ಲೆಕ್ಕ ಹಾಕೋಣ. ಜ್ಯೂಸ್ ಅಂಗಡಿಯ ಒಂದು ಲೋಟ ಬಾಳೆಹಣ್ಣಿನ ಸ್ಮೂದಿಗೆ ಎರಡು ಏಲಕ್ಕಿ ಬಾಳೆ ಬಿದ್ದರೆ ಸುಮಾರು 15 ಗ್ರಾಂ ಸಕ್ಕರೆ. 200 ಮಿ.ಲೀ. ಹಾಲಿನಲ್ಲಿ ಅದರದೇ ಸಿಹಿ ಸುಮಾರು 9 ಗ್ರಾಂ. ಅಂಗಡಿಯವರು ಕೈಬೀಸಿ ಹಾಕುವ ನಾಲ್ಕು ಚಮಚ ಸಕ್ಕರೆ 20 ಗ್ರಾಂ. ಮೇಲೊಂದು ಗುಂಡು ಐಸ್‌ಕ್ರೀಮ್ ಬಿದ್ದರೆ ಒಟ್ಟು 50 ಗ್ರಾಂ ದಾಟಿತು, ಅಂದರೆ ಹತ್ತು ಚಮಚ. ಹಣ್ಣು, ಹಾಲಿನೊಳಗಿನ ಸಿಹಿಯನ್ನು ಬಿಟ್ಟು, ಹೊರಗಿನಿಂದ ಸೇರಿಸುವ ಸಕ್ಕರೆ, ಜೇನು, ಬೆಲ್ಲ ಮತ್ತು ಹಿಂಡಿದ ರಸದ ಸಿಹಿ ಎಲ್ಲ ಸೇರಿ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆರೋಗ್ಯವಂತರಿಗೆ ಹೇಳಿದ ಮಾತು ಅದು. ಬೆಣ್ಣೆಹಣ್ಣನ್ನೇ ನೋಡಿ, ಜನ ಬಟರ್‌ಫ್ರೂಟ್ ಎನ್ನುತ್ತಾರಲ್ಲ, ಅದರಲ್ಲಿ ಸಹಜವಾಗಿ ಸಕ್ಕರೆ ಇಲ್ಲವೆಂದರೂ ನಡೆಯುತ್ತದೆ. ಆದರೆ ಅಂಗಡಿಯಲ್ಲಿ ಅದು ಪಾಯಸದಷ್ಟು ಸಿಹಿ.

ಕಬ್ಬಿನ ಹಾಲಿನ ವಿಷಯ ಇನ್ನೂ ನೇರ. 250 ಮಿ.ಲೀ. ಲೋಟದಲ್ಲಿ 30ರಿಂದ 35 ಗ್ರಾಂ ಸಕ್ಕರೆ ಇರುತ್ತದೆ. ಶುಂಠಿ, ನಿಂಬೆ ಹಿಂಡಿದರೆ ರುಚಿ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ಇನ್ನು ಬೆಲ್ಲ. ಆಲೆಮನೆಗಳ ನಾಡಿನಲ್ಲಿ ಕುಳಿತು ಇದನ್ನು ಬರೆಯುವುದು ಸ್ವಲ್ಪ ಕಷ್ಟವೇ, ಆದರೂ ಬರೆಯುತ್ತೇನೆ: ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ಅದರಲ್ಲಿ ಒಂದಿಷ್ಟು ಖನಿಜಾಂಶ ಹೆಚ್ಚು, ಅಷ್ಟೆ. ಕಾಯಿಲೆ ಇಲ್ಲದವರು ಬಳಸುವುದಾದರೆ ಹೊಳೆಯುವ ಹಳದಿ ಬೆಲ್ಲಕ್ಕಿಂತ ಕಂದು ಬೆಲ್ಲ ಕೊಳ್ಳಿ. ಬಣ್ಣ ತೆಗೆಯಲು ಹೈಡ್ರೋಸ್ ಪುಡಿ ಹಾಕುವ ಅಭ್ಯಾಸ ಇದೆ. ಹಿಂದೆ ಬೆಂಡೆ ಗಿಡದ ಲೋಳೆಯಿಂದಲೇ ಪಾಕದ ಕೊಳೆ ತೆಗೆಯುತ್ತಿದ್ದರು, ಈಗಲೂ ಹಾಗೆ ಮಾಡುವವರಿದ್ದಾರೆ.

ಅದೇ ಕಬ್ಬಿನ ಹಾಲು ಒಂದು ಸಂದರ್ಭದಲ್ಲಿ ಪ್ರಾಣ ಉಳಿಸುತ್ತದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಬೆವರು, ಕೈನಡುಕ, ಕಣ್ಣು ಮಂಜು ಬಂದಾಗ ಸುಮಾರು 15 ಗ್ರಾಂ ಸಕ್ಕರೆ ತಕ್ಷಣ ಬೇಕು. ಅರ್ಧ ಲೋಟ ಕಬ್ಬಿನ ಹಾಲು ಅಥವಾ ಮೂರು ಚಮಚ ಸಕ್ಕರೆಯ ನೀರು ಸಾಕು. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ಆಸ್ಪತ್ರೆಗೆ ಒಯ್ಯಿರಿ.

ರುಬ್ಬಿದರೆ ನಾರು ಸಾಯುತ್ತದೆಯೇ?

ಬಹಳ ಜನ ಹೀಗೆ ನಂಬಿದ್ದಾರೆ. ಮಿಕ್ಸಿ ನಾರನ್ನು ತುಂಡು ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ನಾರು ಹೋಗುವುದು ಜರಡಿಯಲ್ಲಿ. ರಸ ಕುಡಿದು ಹಿಪ್ಪೆಯನ್ನು ದನಕ್ಕೆ ಹಾಕಿದರೆ ಒಳ್ಳೆಯ ಭಾಗ ದನದ ಪಾಲು. ಬೀಜ ಸಮೇತ ರುಬ್ಬಿದ ಕೆಲವು ಹಣ್ಣುಗಳು ಇಡೀ ಹಣ್ಣಿಗಿಂತ ರಕ್ತದ ಸಕ್ಕರೆಯನ್ನು ಹೆಚ್ಚೇನೂ ಏರಿಸಲಿಲ್ಲ ಎಂದು ಸಣ್ಣ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಸ್ಮೂದಿಯನ್ನು ಜ್ಯೂಸಿನ ಸಾಲಿಗೆ ತಳ್ಳಬೇಕಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಇಡೀ ಹಣ್ಣು ತಿನ್ನುವವರಲ್ಲಿ, ಅದರಲ್ಲೂ ದ್ರಾಕ್ಷಿ, ಸೇಬು ತಿನ್ನುವವರಲ್ಲಿ, ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಿತ್ತು, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಹೆಚ್ಚಿತ್ತು.

ಹಾಗಾದರೆ ತೊಂದರೆ ಎಲ್ಲಿ? ಹಲ್ಲಿಗೆ ಕೆಲಸವಿಲ್ಲದಿರುವುದರಲ್ಲಿ. ಮೂರು ಸಪೋಟ, ಎರಡು ಬಾಳೆಹಣ್ಣು, ಅರ್ಧ ಮಾವಿನಹಣ್ಣನ್ನು ಒಂದೇ ಸಲ ಕುಳಿತು ತಿನ್ನಿ ಎಂದರೆ ನೀವು ನಡುವೆಯೇ ಸಾಕು ಎನ್ನುತ್ತೀರಿ. ಅದನ್ನೇ ರುಬ್ಬಿ ಕೊಟ್ಟರೆ ಎರಡು ನಿಮಿಷದಲ್ಲಿ ಒಳಗೆ ಹೋಗಿರುತ್ತದೆ, ಆಮೇಲೆ ಊಟವೂ ನಡೆಯುತ್ತದೆ. ಹೊಟ್ಟೆ ತುಂಬಿತೆಂದು ತಿಳಿಯುವ ಮೊದಲೇ ಲೋಟ ಖಾಲಿ. ಬ್ರಿಟನ್ನಿನ ಆರೋಗ್ಯ ಇಲಾಖೆ ಜ್ಯೂಸು, ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿ.ಲೀ. ಮೀರಬೇಡಿ ಎನ್ನುತ್ತದೆ. ಮನೆಯ ಸ್ಟೀಲ್ ಲೋಟದಲ್ಲಿ ಮುಕ್ಕಾಲು ಭಾಗ ಅಂದುಕೊಳ್ಳಿ. ಹಕೀಮರ ನಾಲ್ಕು ತೊಲಕ್ಕೆ ಇದು ಹೆಚ್ಚೂಕಡಿಮೆ ಮೂರು ಪಟ್ಟು, ಅಂಗಡಿಯ ಜಾಡಿಗೆ ಮೂರನೇ ಒಂದು ಭಾಗ.

ಹಾಲು ಮತ್ತು ಹುಳಿಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಹಾಲಿನ ಜೊತೆ ಹುಳಿಹಣ್ಣು ಬೇಡ ಎಂದು ನಮ್ಮ ಹಳೆಯ ಗ್ರಂಥಗಳು ಹೇಳುತ್ತವೆ, ಆಯುರ್ವೇದವೂ ಹೇಳುತ್ತದೆ. ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ಹೊಟ್ಟೆಯಲ್ಲಿ ಹೇಗಿದ್ದರೂ ಹಾಲು ಹುಳಿಗೆ ಸಿಕ್ಕಿ ಗಡ್ಡೆಯಾಗುವುದರಿಂದ ಇದು ವಿಷವೇನಲ್ಲ. ಆದರೆ ಹೊಟ್ಟೆ ಉಬ್ಬರ, ಹುಳಿತೇಗು ಇರುವವರಿಗೆ ಹಿಡಿಸುವುದಿಲ್ಲ, ಅಂಥವರು ಹಿರಿಯರ ಮಾತು ಕೇಳುವುದೇ ಲೇಸು. ಅನಾನಸ್ ಮತ್ತು ಪಪ್ಪಾಯದ ಕಾರಣ ಬೇರೆ. ಅವುಗಳಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಅಂಶವಿದೆ, ಅದಕ್ಕೇ ಹಾಲಿಗೆ ಹಾಕಿ ಸ್ವಲ್ಪ ಹೊತ್ತು ಇಟ್ಟರೆ ಕಹಿಯಾಗುತ್ತದೆ. ಅನಾನಸನ್ನು ಒಂದು ಕುದಿ ಬೇಯಿಸಿ ಆರಿಸಿ ಹಾಕಿದರೆ ಕಹಿ ಬರುವುದಿಲ್ಲ.

ಮಿಜಾಜಿನ ಬಗ್ಗೆ ಒಂದು ಮಾತು. ಕಲ್ಲಂಗಡಿ, ಸೌತೆ ತಂಪು ಪ್ರಕೃತಿಯವು, ಮಾವು ಉಷ್ಣ ಎಂದು ನಾವು ಕಲಿತಿದ್ದೇವೆ, ಕಲಿಸುತ್ತೇವೆ. ಶೀತದ ಮೈಯವರು ರಾತ್ರಿ ಕಲ್ಲಂಗಡಿ ಸ್ಮೂದಿ ಕುಡಿದು ಕಫವೆಂದು ಬರುವುದನ್ನು ನೋಡುತ್ತಲೇ ಇರುತ್ತೇನೆ. ಆದರೆ ಮಿಜಾಜನ್ನು ರಕ್ತಪರೀಕ್ಷೆಯ ಜಾಗದಲ್ಲಿ ಕೂರಿಸಬೇಡಿ. "ನನ್ನದು ಉಷ್ಣದ ಮೈ, ಎಳನೀರು ಎಷ್ಟು ಕುಡಿದರೂ ನಡೆಯುತ್ತೆ" ಎನ್ನುವವರ ಮೂತ್ರಪಿಂಡ ಏನು ಹೇಳುತ್ತದೆ ಎಂಬುದು ಮುಖ್ಯ.

ಯಾರಿಗೆ ಅಪಾಯ?

ಎಳನೀರಿನ ಮಾತು ಬಂತು. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದೂರದ ಊರುಗಳಿಗೆ ಲಾರಿ ಹೋಗುತ್ತದೆ. ನಮ್ಮಲ್ಲಿ ರೋಗಿ ನೋಡಲು ಹೋಗುವವರ ಕೈಯಲ್ಲೂ ಅದೇ. ಸ್ಮೂದಿಗೆ ನೀರಿನ ಬದಲು ಎಳನೀರು ಹಾಕುವುದೂ ಶುರುವಾಗಿದೆ. ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ 100 ಮಿ.ಲೀ. ಎಳನೀರಿನಲ್ಲಿ ಸುಮಾರು 250 ಮಿ.ಗ್ರಾಂ ಪೊಟ್ಯಾಸಿಯಂ ಇದೆ, 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350. ಕ್ರಿಯಾಟಿನಿನ್ ಹೆಚ್ಚಿರುವವರು, ಡಯಾಲಿಸಿಸ್‌ನಲ್ಲಿರುವವರು ಎಳನೀರು, ಬಾಳೆ, ಖರ್ಜೂರ ಸೇರಿಸಿ ರುಬ್ಬಿ ಒಂದೇ ಸಲ ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಅಥವಾ ಹೃದಯಕ್ಕೆ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರೂ ಈ ಎಚ್ಚರ ಬೇಕು. ಅವು ಪೊಟ್ಯಾಸಿಯಂ ಹೊರಹೋಗುವುದನ್ನು ಕಡಿಮೆ ಮಾಡುವ ಔಷಧಿಗಳು. ಔಷಧಿ ಬಿಡಬೇಡಿ, ಕೊಟ್ಟ ವೈದ್ಯರಲ್ಲಿ ಹಣ್ಣಿನ ಅಳತೆ ಕೇಳಿ.

ನಕ್ಷತ್ರದಂತೆ ಹೋಳಾಗುವ ಕಮರಾಕ್ಷಿ ಹಣ್ಣು ಮೂತ್ರಪಿಂಡದ ರೋಗಿಗಳಿಗೆ ಒಂದು ಚೂರೂ ಬೇಡ. ಅದರಲ್ಲಿರುವ ನರವಿಷ ಆರೋಗ್ಯವಂತರಲ್ಲಿ ಮೂತ್ರದೊಂದಿಗೆ ಹೊರಹೋಗುತ್ತದೆ, ಇವರಲ್ಲಿ ಮೈಯಲ್ಲೇ ಉಳಿಯುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಸೆಳವು. ಸಾವು ಸಂಭವಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಹಸಿರು ಸ್ಮೂದಿ ಎಂದು ಸೋರೆಕಾಯಿ ರಸ ಕುಡಿಯುವವರು ಈ ಒಂದು ಕೆಲಸವನ್ನು ಮರೆಯಬೇಡಿ: ರುಬ್ಬುವ ಮೊದಲು ಒಂದು ತುಣುಕನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯ ರಸದಿಂದ ರಕ್ತವಾಂತಿಯಾಗಿ, ರಕ್ತದೊತ್ತಡ ಕುಸಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಇದನ್ನು ಪರಿಶೀಲಿಸಲು ತಜ್ಞರ ಸಮಿತಿ ನೇಮಿಸಿತ್ತು. ಇದಕ್ಕೆ ಪ್ರತಿವಿಷ ಇಲ್ಲ. ಕಹಿಯಾಗಿದ್ದರೂ ಔಷಧಿಯೆಂದು ಕಣ್ಣುಮುಚ್ಚಿ ನುಂಗುವ ಹಟ ಇಲ್ಲಿ ಸಲ್ಲದು. ಜೇನು ಬೆರೆಸಿದರೆ ಕಹಿ ಮುಚ್ಚಿಹೋಗುತ್ತದೆ, ವಿಷ ಹೋಗುವುದಿಲ್ಲ. ಜೇನಿನ ಮಾತು ಬಂದದ್ದರಿಂದ ಹೇಳುತ್ತೇನೆ, ವರ್ಷ ತುಂಬದ ಮಗುವಿಗೆ ಅದನ್ನು ಯಾವುದರಲ್ಲೂ ಬೆರೆಸಿ ಕೊಡಬೇಡಿ.

ಐಸು, ಜಾರು, ಸಮಯ

ಅಕ್ಬರನ ಕಾಲದಲ್ಲಿ ಪೆಟ್ಲುಪ್ಪಿನ ನೀರಿನಲ್ಲಿ ಹೂಜಿ ತಿರುಗಿಸಿ ನೀರು ತಂಪು ಮಾಡುತ್ತಿದ್ದುದನ್ನು ಅಬುಲ್ ಫಜಲ್ ಬರೆದಿದ್ದಾರೆ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಕೆರೆಯ ಮಂಜುಗಡ್ಡೆ ಬಂದಿಳಿಯಿತು. ಈಗ ಐಸು ಅಗ್ಗ, ಅದಕ್ಕೇ ಅದರ ಮೇಲೆ ನಮ್ಮ ಕಣ್ಣಿಲ್ಲ. ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಎಳೆದು, ಕಲ್ಲಿನಿಂದ ಕುಟ್ಟಿದ ಐಸಿನಲ್ಲಿ ರೋಗಾಣು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಟೈಫಾಯ್ಡ್, ಕಾಮಾಲೆ, ಬೇಧಿ ಈ ದಾರಿಯಿಂದ ಬರುತ್ತವೆ. ಅಂಗಡಿಯಲ್ಲಿ "ಐಸ್ ಬೇಡ" ಎನ್ನಿ. ಮನೆಯಲ್ಲಿ ಕುದಿಸಿ ಆರಿಸಿದ ನೀರಿನಿಂದಲೇ ಐಸು ಮಾಡಿ.

ಕಬ್ಬು ಕೊಳ್ಳುವಾಗ ಜಲ್ಲೆ ಸೀಳಿದ ಜಾಗ ನೋಡಿ. ಒಳಗೆ ಕೆಂಪು ಗೆರೆ, ಹುಳಿವಾಸನೆ ಇದ್ದರೆ ಬೇಡ. ಅದು ಕೆಂಪು ಕೊಳೆ ರೋಗದ ಗುರುತು. ಚೀನಾದ ಉತ್ತರ ಭಾಗದಲ್ಲಿ ದಾಸ್ತಾನಿಟ್ಟು ಬೂಷ್ಟು ಹಿಡಿದ ಕಬ್ಬು ತಿಂದ ಮಕ್ಕಳಿಗೆ ಮೆದುಳಿಗೇ ಹಾನಿಯಾದದ್ದುಂಟು. ಅಲ್ಲಿಯ ಬೂಷ್ಟು ಬೇರೆ ಜಾತಿಯದು, ಆದರೆ ಕೆಟ್ಟ ಜಲ್ಲೆಯನ್ನು ಗಾಣಕ್ಕೆ ಕೊಡದಿರಲು ಅಷ್ಟು ಕಾರಣ ಸಾಕು. ಮಾವು, ಬಾಳೆ ಹಣ್ಣಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಹೊರಗೆ ಒಂದೇ ಬಣ್ಣ, ಒಳಗೆ ಗಟ್ಟಿ, ವಾಸನೆಯಿಲ್ಲ ಎಂದರೆ ಅನುಮಾನಿಸಿ. ಯಾವ ಹಣ್ಣೇ ಆಗಲಿ, ಸಿಪ್ಪೆ ತೆಗೆಯುವ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ಸಿಪ್ಪೆಯ ಕೊಳೆಯನ್ನು ಚಾಕು ಒಳಗೆ ಒಯ್ಯುತ್ತದೆ.

ಮಿಕ್ಸಿ ಜಾರಿನ ಬ್ಲೇಡಿನ ಕೆಳಗೂ ಮುಚ್ಚಳದೊಳಗೂ ರಬ್ಬರ್ ವಾಷರ್ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ತೆಗೆದು ನೋಡಿದವರಿಲ್ಲ. ಹಾಲು ಮತ್ತು ಬಾಳೆಹಣ್ಣಿನ ಅಂಟು ಅಲ್ಲಿ ಕುಳಿತು ಕಪ್ಪಾಗುತ್ತದೆ. ಕುಡಿದ ಕೂಡಲೇ ಜಾರಿಗೆ ಅರ್ಧ ಬಿಸಿನೀರು, ಎರಡು ಹನಿ ಸೋಪು ಹಾಕಿ ಒಂದು ಸುತ್ತು ತಿರುಗಿಸಿ. ವಾರಕ್ಕೊಮ್ಮೆ ವಾಷರ್ ತೆಗೆದು ಉಜ್ಜಿ, ಬೋರಲು ಹಾಕಿ ಒಣಗಿಸಿ. ಚಟ್ನಿಗೊಂದು ಜಾರು, ಹಣ್ಣಿಗೊಂದು ಜಾರು ಇದ್ದರೆ ಇನ್ನೂ ಒಳ್ಳೆಯದು.

ಸಮಯದ ವಿಷಯದಲ್ಲಿ ನಮ್ಮ ಮುಂದೆ ಒಂದು ಒಳ್ಳೆಯ ಮಾದರಿ ಇದೆ. ಪ್ರವಾದಿವರ್ಯರ(ಸ) ಮನೆಯಲ್ಲಿ ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ನಬೀಜ್ ಮಾಡುತ್ತಿದ್ದರು. ಬೆಳಿಗ್ಗೆ ನೆನೆಸಿದ್ದನ್ನು ಸಂಜೆ, ಸಂಜೆ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಸಿಹಿನೀರು ಹೆಚ್ಚು ದಿನ ನಿಂತರೆ ಹುದುಗಿ ಅಮಲಿನ ಪದಾರ್ಥವಾಗುತ್ತದೆ. ನಮ್ಮ ಬಿಸಿಲಿಗಂತೂ ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗತೊಡಗುತ್ತದೆ. ಸ್ಮೂದಿಯನ್ನೂ ರುಬ್ಬಿದ ಕೂಡಲೇ ಕುಡಿಯಬೇಕು. ಇಫ್ತಾರಿಗೆ ಮಾಡಿ ಉಳಿದದ್ದನ್ನು ಸಹರಿಗೆಂದು ಅಡುಗೆಕಟ್ಟೆಯ ಮೇಲೆ ಬಿಡಬೇಡಿ.

ರಮಝಾನಿನಲ್ಲಿ ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು ಸರಿಪಡಿಸಿಕೊಳ್ಳಬೇಕು. ಹಗಲಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಕಾಯಿಲೆಯವರಿಗೆ ರಿಯಾಯಿತಿ ಇದೆ. ಇಫ್ತಾರಿನಲ್ಲಿ ಒಂದು ಖರ್ಜೂರ, ನೀರು, ಮಗ್ರಿಬ್ ನಮಾಝ್, ಆಮೇಲೆ ಊಟ. ಸ್ಮೂದಿ ಬೇಕೇ ಎಂದರೆ ಊಟದ ಜೊತೆ ಬೇಡ, ಸ್ವಲ್ಪ ತಡೆದು ಮುಕ್ಕಾಲು ಲೋಟ. ಖರ್ಜೂರ, ಶರಬತ್ತು, ಸ್ಮೂದಿ, ಸಮೋಸ, ಎಲ್ಲವೂ ಹತ್ತೇ ನಿಮಿಷದಲ್ಲಿ ಎಂದರೆ ಮಾತ್ರೆ ಏನು ತಾನೇ ಮಾಡೀತು?

ಮನೆಯಲ್ಲಿ ಮಾಡುವುದಾದರೆ ನಾನು ಹೇಳಿಕೊಡುವುದು ಇದು. ಒಂದು ಚಮಚ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ಗಂಜಿಯಂತೆ ಬೇಯಿಸಿ ಆರಿಸಿ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿ.ಗ್ರಾಂ ಸುಣ್ಣದ ಅಂಶವಿದೆ, ಬೆಳೆಯುವ ಮಕ್ಕಳಿಗೂ ಬಾಣಂತಿಯರಿಗೂ ಬೇಕಾದದ್ದು. ಅದಕ್ಕೆ ಒಂದು ಏಲಕ್ಕಿ ಬಾಳೆ, ಅರ್ಧ ಲೋಟ ಮೊಸರು, ರಾತ್ರಿ ನೆನೆಸಿ ಸಿಪ್ಪೆ ತೆಗೆದ ನಾಲ್ಕು ಬಾದಾಮಿ ಹಾಕಿ ರುಬ್ಬಿ. ಸಿಹಿ ಸಾಲದ ಮಗುವಿಗೆ ಬೀಜ ತೆಗೆದ ಒಂದು ಖರ್ಜೂರ. ಹಲ್ಲಿಲ್ಲದ ಹಿರಿಯರಿಗೆ, ಜ್ವರದಿಂದ ಎದ್ದವರಿಗೆ ಸ್ಮೂದಿ ನಿಜವಾಗಿಯೂ ಉಪಕಾರಿ. ಅಗಿಯಲಾರದವರಿಗೆ ಹಣ್ಣು ತಲುಪುವ ದಾರಿ ಇದೇ. ಹಲ್ಲು ಗಟ್ಟಿಯಿರುವವರು ಹಣ್ಣನ್ನು ಕಚ್ಚಿ ತಿನ್ನಿ.

ಸಕ್ಕರೆ ಕಾಯಿಲೆಯವರಿಗೆ ಬಾಳೆಯ ಬದಲು ಅರ್ಧ ಸೀಬೆಹಣ್ಣು ಅಥವಾ ಬೀಜ ತೆಗೆದ ಒಂದು ಹಿಡಿ ನೇರಳೆ, ನೀರು ಮಜ್ಜಿಗೆ, ಹುರಿದ ಜೀರಿಗೆ ಪುಡಿ, ನಾಲ್ಕು ಎಲೆ ಪುದೀನ. ಸಕ್ಕರೆ, ಬೆಲ್ಲ, ಜೇನು ಯಾವುದೂ ಇಲ್ಲ. ಮೇಲೆ ಅರ್ಧ ಚಮಚ ಕಾಮಕಸ್ತೂರಿ ಬೀಜ, ನಮ್ಮವರು ಸಬ್ಜಾ ಎನ್ನುತ್ತಾರಲ್ಲ, ಅದು. ಕಾಲು ಗಂಟೆ ನೀರಿನಲ್ಲಿ ನೆನೆದು ಪೂರ್ತಿ ಉಬ್ಬಿದ ಮೇಲೆಯೇ ಹಾಕಿ. ಒಣಬೀಜ ಗಂಟಲಿನಲ್ಲಿ ಉಬ್ಬಿದರೆ ಸಿಕ್ಕಿಕೊಳ್ಳುತ್ತದೆ, ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ಹಿರಿಯರಿಗೂ ಅದನ್ನು ಕೊಡಲೇಬೇಡಿ. ಕುಡಿದು ಎರಡು ಗಂಟೆಯ ನಂತರ ಒಮ್ಮೆ ಬೆರಳಿನ ರಕ್ತ ಪರೀಕ್ಷಿಸಿ ಅಂಕಿ ಬರೆದಿಡಿ. ಮುಂದಿನ ಸಲ ದವಾಖಾನೆಗೆ ಬರುವಾಗ ಆ ಚೀಟಿ ತನ್ನಿ, ಯಾವ ಹಣ್ಣು ನಿಮಗೆ ಎಷ್ಟು ಎಂದು ನೋಡಿ ಹೇಳಲು ಅದು ಬೇಕಾಗುತ್ತದೆ.